ಔಷಧಿ ಸಿಗುವುದು ಪುಣ್ಯವೇ?

ಶಿವಗಂಗೆ ಬೆಟ್ಟ ಹತ್ತುವವರು ಒಳಕಲ್ಲು ತೀರ್ಥದ ಬಳಿ ನಿಲ್ಲದೆ ಮುಂದೆ ಹೋಗುವುದಿಲ್ಲ. ಬಂಡೆಯೊಳಗಿನ ಒರಳಿನಂಥ ಕುಳಿಗೆ ಬಗ್ಗಿ ಕೈ ಇಳಿಬಿಡಬೇಕು. ಕೆಲವರ ಬೆರಳಿಗೆ ನೀರು ತಾಗುತ್ತದೆ, ಕೆಲವರಿಗೆ ಎಷ್ಟು ತಡಕಿದರೂ ಇಲ್ಲ. ಸಿಕ್ಕವರು ಪುಣ್ಯವಂತರು ಎಂಬುದು ನಂಬಿಕೆ. ಸಿಗದವರು ತಮ್ಮ ಕರ್ಮ ಎಂದುಕೊಂಡು ಮುಂದಿನ ಮೆಟ್ಟಿಲು ಹತ್ತುತ್ತಾರೆ, ಯಾರನ್ನೂ ದೂರುವುದಿಲ್ಲ. ದೇವರ ಸನ್ನಿಧಿಯಲ್ಲಿ ಅದೇ ಸರಿ. ಆ ನೀರು ಯಾರ ತೆರಿಗೆಯಿಂದಲೂ ಬಂದದ್ದಲ್ಲ, ಕೊಡುತ್ತೇನೆಂದು ಯಾರೂ ಮಾತು ಕೊಟ್ಟಿಲ್ಲ.

ಬೆಟ್ಟ ಇಳಿದ ಮೇಲೂ ಅದೇ ಮನಸ್ಸು ನಮ್ಮ ಜೊತೆ ಬರುತ್ತದೆ ಎಂಬುದೇ ನನ್ನ ಚಿಂತೆ. ಸರ್ಕಾರಿ ಆಸ್ಪತ್ರೆಯ ಔಷಧಿ ಕೊಡುವ ಕಿಟಕಿಯ ಮುಂದೆ ಅರ್ಧ ಗಂಟೆ ನಿಂತರೆ ಸಾಕು. ಬಿ.ಪಿ. ಮಾತ್ರೆಗೆ ಬಂದ ಮುದುಕಿ ಮಡಚಿ ಮಡಚಿ ಮೆತ್ತಗಾದ ಚೀಟಿಯನ್ನು ಒಳಗೆ ಚಾಚುತ್ತಾಳೆ. "ಇದೊಂದು ಖಾಲಿಯಾಗಿದೆ ಅಜ್ಜಿ, ಹೊರಗಡೆ ತಗೊಳ್ಳಿ" ಎಂಬ ಉತ್ತರ ಬರುತ್ತದೆ. ಆಕೆ ಜಗಳ ಆಡುವುದಿಲ್ಲ. "ಹೋದ ಸಲ ಸಿಕ್ಕಿತ್ತಪ್ಪ, ಈ ಸಲ ನನ್ನ ಗ್ರಹಚಾರ" ಎನ್ನುತ್ತಾಳೆ. ಚೀಟಿಯನ್ನು ಮತ್ತೆ ಮಡಚಿ ಸೆರಗಿನ ಗಂಟಿಗೆ ಸೇರಿಸುತ್ತಾಳೆ. ಹೊರಗಡೆ ತೆಗೆದುಕೊಳ್ಳುತ್ತಾಳೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ.

ಆ ಮಾತ್ರೆ ಖಾಲಿಯಾದದ್ದು ಗ್ರಹಚಾರದಿಂದಲ್ಲ. ಯಾರೋ ಇಂಡೆಂಟ್ ಹಾಕುವುದು ತಡ ಮಾಡಿದ್ದಾರೆ, ಇಲ್ಲವೇ ಹಾಕಿದ ಇಂಡೆಂಟ್ ಅರ್ಧಕ್ಕೆ ಮಂಜೂರಾಗಿದೆ, ಇಲ್ಲವೇ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಟೆಂಡರ್ ಮುಗಿಯದೆ ಉಳಿದಿದೆ, ಇಲ್ಲವೇ ಸರಬರಾಜುದಾರರಿಗೆ ಬಿಲ್ಲು ಪಾವತಿಯಾಗಿಲ್ಲ. ಪ್ರತಿಯೊಂದಕ್ಕೂ ಒಂದು ಕಡತ ಇದೆ, ಒಂದು ದಿನಾಂಕ ಇದೆ, ಸಹಿ ಹಾಕಿದ ಅಥವಾ ಹಾಕದೆ ಬಿಟ್ಟ ಒಬ್ಬ ಮನುಷ್ಯ ಇದ್ದಾನೆ. ಆ ಮನುಷ್ಯನವರೆಗೆ ಮುದುಕಿಯ ಕೈ ಮುಟ್ಟುವುದಿಲ್ಲ. ಮುಟ್ಟಲಿ ಎಂದೇ ನಾವು ಶಾಸಕರನ್ನು, ಸಂಸದರನ್ನು ಆರಿಸಿ ಕಳಿಸಿರುವುದು. ಸದನ ಲೆಕ್ಕ ಕೇಳಿದಾಗ ಮಾತ್ರ ಅದೃಷ್ಟವಾಗಿದ್ದದ್ದು ಹಕ್ಕಾಗುತ್ತದೆ. ಸಂವಿಧಾನದ 47ನೇ ವಿಧಿ ಸಾರ್ವಜನಿಕ ಆರೋಗ್ಯವನ್ನು ಉತ್ತಮಪಡಿಸುವುದು ರಾಜ್ಯದ ಪ್ರಾಥಮಿಕ ಕರ್ತವ್ಯಗಳಲ್ಲೊಂದು ಎನ್ನುತ್ತದೆ, ನಿಜ. ಆದರೆ ಕರ್ತವ್ಯ ತಪ್ಪಿದಾಗ ಏಕೆ ಎಂದು ಕೇಳುವವರಿಲ್ಲದಿದ್ದರೆ ಅದು ಹಾರೈಕೆಯಾಗಿ ಉಳಿಯುತ್ತದೆ.

ಈ ನಾಡಿನಲ್ಲಿ ಜನರ ಅಳಲನ್ನು ಆಳುವವರ ಮುಂದೆ ಇಡುವ ಪದ್ಧತಿ ಹಳೆಯದು. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದಾಗ ತಾಲ್ಲೂಕು ತಾಲ್ಲೂಕುಗಳಿಂದ ರೈತರು ದಸರೆಗೆ ಮೈಸೂರಿಗೆ ಹೋದರು. ದಿವಾನರು ವರ್ಷದ ಆಡಳಿತದ ವರದಿ ಓದುತ್ತಿದ್ದರು, ಪ್ರತಿನಿಧಿಗಳು ಅಹವಾಲು ಹೇಳಿಕೊಳ್ಳುತ್ತಿದ್ದರು. ಅವರಿಗೆ ಮತದ ಅಧಿಕಾರ ಇರಲಿಲ್ಲ. ಕೊಟ್ಟರೆ ಪ್ರಭುವಿನ ಔದಾರ್ಯ, ಕೊಡದಿದ್ದರೆ ಮುಂದಿನ ದಸರೆಯವರೆಗೆ ಕಾಯಬೇಕು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ, ಅದನ್ನು ಗೌರವದಿಂದಲೇ ನೆನೆಯುತ್ತೇನೆ. ಆದರೆ 1950ರ ನಂತರ ವ್ಯವಸ್ಥೆಯೇ ಬೇರೆಯಾಯಿತು. ಸಂವಿಧಾನದ 203, 204ನೇ ವಿಧಿಗಳ ಪ್ರಕಾರ ವಿಧಾನಸಭೆ ಒಪ್ಪದೆ ಇಲಾಖೆಯ ಬೇಡಿಕೆಗೆ ಹಣ ಸಿಗುವಂತಿಲ್ಲ. 151ನೇ ವಿಧಿಯಂತೆ ಮಹಾಲೆಕ್ಕ ಪರಿಶೋಧಕರ (ಸಿಎಜಿ) ವರದಿ ಸದನದ ಮುಂದೆ ಬರಲೇಬೇಕು, ಸದನದ ನಿಯಮಗಳಂತೆ ಅದನ್ನು ಸಾರ್ವಜನಿಕ ಲೆಕ್ಕಪತ್ರ ಸಮಿತಿ ಪರಿಶೀಲಿಸಬೇಕು. ಸಿಎಜಿ ಸಂವಿಧಾನದಲ್ಲೇ ಬಹುಶಃ ಅತಿ ಮುಖ್ಯ ಅಧಿಕಾರಿ ಎಂದು ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಹೇಳಿದ್ದರು. ಇಷ್ಟೆಲ್ಲ ಇದ್ದೂ ನಮ್ಮ ಶಾಸಕರ ಕಚೇರಿಯ ಮುಂದೆ ಇಂದಿಗೂ ಅಹವಾಲಿನ ಸಾಲೇ ಉದ್ದ. ಒಬ್ಬ ರೋಗಿಗೆ ಒಂದು ಹಾಸಿಗೆ ಕೊಡಿಸಲು ಶಾಸಕರು ಫೋನ್ ಮಾಡುತ್ತಾರೆ, ಜನ ಕೈಮುಗಿಯುತ್ತಾರೆ. ಆ ಒಂದು ಫೋನು ಹಾಸಿಗೆಯನ್ನು ಮತ್ತೆ ಅದೃಷ್ಟದ ಮಾತಾಗಿಸುತ್ತದೆ. ಹಾಸಿಗೆ ಏಕೆ ಇರಲಿಲ್ಲ ಎಂಬ ಪ್ರಶ್ನೆ ಸದನಕ್ಕೆ ಹೋಗುವುದೇ ಇಲ್ಲ.

ಪ್ರಶ್ನೆ ಸದನಕ್ಕೆ ಹೋದಾಗ ಏನಾಗುತ್ತದೆ? ಅದಕ್ಕೆ ನಮ್ಮೆದುರೇ ನಡೆದ ಒಂದು ಪ್ರಸಂಗ ಸಾಕು.

ಸಂಸತ್ತಿನ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸ್ಥಾಯಿ ಸಮಿತಿ, ರಾಮ್ ಗೋಪಾಲ್ ಯಾದವ್ ಅಧ್ಯಕ್ಷತೆಯಲ್ಲಿ, ಕೋವಿಡ್ ನಿರ್ವಹಣೆ ಕುರಿತ ತನ್ನ 123ನೇ ವರದಿಯನ್ನು 2020ರ ನವೆಂಬರ್‌ನಲ್ಲಿ ರಾಜ್ಯಸಭೆಯ ಸಭಾಪತಿಗೆ ಸಲ್ಲಿಸಿತು. ಆಮ್ಲಜನಕದ ಸಿಲಿಂಡರ್ ಬೆಲೆಗೆ ಮಿತಿ ಹಾಕಬೇಕು, ಆಸ್ಪತ್ರೆಗಳ ಬೇಡಿಕೆಗೆ ತಕ್ಕಷ್ಟು ಆಮ್ಲಜನಕ ಉತ್ಪಾದನೆಯಾಗುವಂತೆ ನೋಡಿಕೊಳ್ಳಬೇಕು ಎಂದು ಅದರಲ್ಲಿತ್ತು. ವರದಿ 2021ರ ಫೆಬ್ರವರಿಯಲ್ಲಿ ಸದನದಲ್ಲಿ ಮಂಡನೆಯಾಯಿತು. ಏಪ್ರಿಲ್ ಹೊತ್ತಿಗೆ ಎರಡನೇ ಅಲೆ ಬಂತು. ಮೇ 2ರ ರಾತ್ರಿ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯಿತು. ಒಂದು ದಿನದ ಅಂತರದಲ್ಲಿ 24 ರೋಗಿಗಳು ತೀರಿಕೊಂಡರು. ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ಅಧ್ಯಕ್ಷತೆಯಲ್ಲಿ ಹೈಕೋರ್ಟ್ ನೇಮಿಸಿದ ಸಮಿತಿ ಆಮ್ಲಜನಕದ ಕೊರತೆಯನ್ನು ದಾಖಲಿಸಿತು. ಆ ವರ್ಷದ ಜುಲೈ 20ರಂದು ಇದೇ ವಿಷಯದ ಪ್ರಶ್ನೆ ರಾಜ್ಯಸಭೆಗೆ ಬಂದಾಗ, ಆಮ್ಲಜನಕದ ಕೊರತೆಯಿಂದ ಸಾವು ಸಂಭವಿಸಿದೆ ಎಂದು ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂಬ ಲಿಖಿತ ಉತ್ತರ ಕೇಂದ್ರ ಸರ್ಕಾರದಿಂದ ಬಂತು.

ಈ ಉತ್ತರವನ್ನು ಸುಳ್ಳು ಎಂದು ಕೂಗಿ ಮುಗಿಸುವುದು ಸುಲಭ. ನನಗೆ ಅದಕ್ಕಿಂತ ಹೆಚ್ಚು ಕಳವಳ ತರುವುದು, ಅದು ಕಾಗದದ ಮಟ್ಟಿಗೆ ಸರಿಯಾಗಿಯೇ ಇರಬಹುದು ಎಂಬುದು. ಕೇಂದ್ರ ಹೇಳಿದ್ದು ರಾಜ್ಯಗಳು ಬರೆದದ್ದನ್ನು. ರಾಜ್ಯ ಬರೆದದ್ದು ಜಿಲ್ಲೆ ಕಳಿಸಿದ್ದನ್ನು. ಸಾವಿನ ಕಾರಣದ ಕಾಲಂನಲ್ಲಿ ಕೋವಿಡ್, ಉಸಿರಾಟದ ವೈಫಲ್ಯ ಎಂದು ಬರೆಯಬಹುದು. ಸಿಲಿಂಡರ್ ಬರಲಿಲ್ಲ ಎಂದು ಬರೆಯುವ ಅಂಕಣ ಯಾವ ನಮೂನೆಯಲ್ಲೂ ಇರುವುದಿಲ್ಲ. ಹೀಗಾಗಿ ಸದನ ಪ್ರಶ್ನೆ ಕೇಳಿದರೂ ಸರ್ಕಾರ ತನ್ನ ಬಗ್ಗೆ ತಾನೇ ಬರೆದುಕೊಂಡದ್ದನ್ನೇ ಓದಿ ಒಪ್ಪಿಸಿತು. ಸದನಕ್ಕೆ ತನ್ನದೇ ಆದ ಕಣ್ಣು ಇಲ್ಲದಿದ್ದರೆ ಪ್ರಶ್ನೋತ್ತರ ವೇಳೆ ಎಂಬುದು ಇಲಾಖೆಯ ಕಡತವನ್ನು ಗಟ್ಟಿಯಾಗಿ ಓದುವ ಸಮಾರಂಭ ಅಷ್ಟೆ. ಆ ಪ್ರಶ್ನೋತ್ತರ ವೇಳೆಯನ್ನೂ 2020ರ ಸೆಪ್ಟೆಂಬರ್ ಅಧಿವೇಶನದಲ್ಲಿ ಕೈಬಿಡಲಾಗಿತ್ತು, ಆ ವರ್ಷದ ಚಳಿಗಾಲದ ಅಧಿವೇಶನ ನಡೆಯಲೇ ಇಲ್ಲ.

ಕರ್ನಾಟಕದ ಸದನಕ್ಕೆ ಆ ಕಣ್ಣು ತೆರೆಯುವ ಅವಕಾಶ ಒಮ್ಮೆ ಬಂದಿತ್ತು. 2020ರ ಮೇ ತಿಂಗಳಲ್ಲಿ ಎಚ್.ಕೆ. ಪಾಟೀಲರ ಅಧ್ಯಕ್ಷತೆಯ ಸಾರ್ವಜನಿಕ ಲೆಕ್ಕಪತ್ರ ಸಮಿತಿ, ಕೋವಿಡ್ ಉಪಕರಣ ಖರೀದಿಯ ದೂರುಗಳ ಹಿನ್ನೆಲೆಯಲ್ಲಿ ಸ್ಥಳ ಪರಿಶೀಲನೆಗೆ ಹೊರಡಲು ಸಜ್ಜಾಗಿತ್ತು. ಆಗಿನ ಸಭಾಧ್ಯಕ್ಷ ವಿಶ್ವೇಶ್ವರ ಹೆಗಡೆ ಕಾಗೇರಿಯವರು ಸೋಂಕಿನ ಕಾರಣಕ್ಕೆ ಸದನ ಸಮಿತಿಗಳ ಸ್ಥಳ ಪರಿಶೀಲನೆಯನ್ನು ತಡೆದರು. ಸೋಂಕಿನ ಭಯ ಸುಳ್ಳಲ್ಲ. ಆದರೆ ಅದೇ ದಿನಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆ ತಿರುಗುತ್ತಿದ್ದರು, ಪೌರಕಾರ್ಮಿಕರು ಬೀದಿಯಲ್ಲಿದ್ದರು. ಲೆಕ್ಕ ಕೇಳುವ ಕೆಲಸವನ್ನು ಅಗತ್ಯ ಸೇವೆ ಎಂದು ಯಾರೂ ಎಣಿಸಲಿಲ್ಲ.

ಇದಕ್ಕೆ ಒಂದು ಪ್ರಾಮಾಣಿಕ ಆಕ್ಷೇಪ ಇದೆ, ಅದನ್ನು ತಳ್ಳಿಹಾಕಲಾರೆ. ಮನೆಗೆ ಬೆಂಕಿ ಬಿದ್ದಾಗ ನೀರಿನ ಕೊಡದ ಬೆಲೆ ವಿಚಾರಿಸುತ್ತಾ ಕೂರಲಾಗದು ಎನ್ನುತ್ತಾರೆ ಅಧಿಕಾರಿಗಳು. ಆಡಿಟ್‌ನ ಭಯಕ್ಕೆ ಸಹಿ ಹಾಕದೆ ಕುಳಿತ ಅಧಿಕಾರಿಯಿಂದಲೂ ರೋಗಿಗಳು ಸಾಯುತ್ತಾರೆ, ಅದು ನಿಜ. ಅದಕ್ಕೆಂದೇ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ 1999ರ ಕಾಯಿದೆ ವಿಪತ್ತಿನ ಕಾಲದಲ್ಲಿ ಟೆಂಡರ್‌ನಿಂದ ವಿನಾಯಿತಿ ಕೊಟ್ಟಿದೆ. ವಿನಾಯಿತಿ ಇರಲಿ. ಆದರೆ ಅದು ಟೆಂಡರ್‌ಗೆ ಮಾತ್ರ, ಉತ್ತರ ಹೇಳುವುದಕ್ಕಲ್ಲ. ಮೊದಲೇ ಕೇಳುವ ಬಾಗಿಲು ಮುಚ್ಚಿದಾಗ ನಂತರ ಕೇಳುವ ಬಾಗಿಲು ಇನ್ನಷ್ಟು ಅಗಲವಾಗಿ ತೆರೆಯಬೇಕು. ಬ್ರಿಟನ್ನಿನಲ್ಲೂ ಸರ್ಕಾರ ತರಾತುರಿಯಲ್ಲಿ ಪಿಪಿಇ ಕಿಟ್ ಕೊಂಡಿತು. ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2020ರ ನವೆಂಬರ್‌ನಲ್ಲೇ, ಸೋಂಕು ಇನ್ನೂ ಹರಡುತ್ತಿದ್ದಾಗಲೇ, ಪ್ರಭಾವಿಗಳ ಶಿಫಾರಸಿನಿಂದ ಬಂದ ಕಂಪನಿಗಳಿಗೆ ಗುತ್ತಿಗೆ ಸಿಗುವ ಸಾಧ್ಯತೆ ಹತ್ತು ಪಟ್ಟು ಹೆಚ್ಚಿತ್ತು ಎಂದು ಬಹಿರಂಗಪಡಿಸಿತು. 2021ರ ಅಕ್ಟೋಬರ್‌ನಲ್ಲಿ ಸಂಸತ್ತಿನ ಎರಡು ಸಮಿತಿಗಳು ಕೂಡಿ ಸರ್ಕಾರದ ಆರಂಭದ ನಿಧಾನವನ್ನು ಕಟುವಾಗಿ ಟೀಕಿಸಿ ವರದಿ ಕೊಟ್ಟವು. ಆ ಎರಡೂ ಸಮಿತಿಗಳ ಅಧ್ಯಕ್ಷರು ಆಗ ಆಳುತ್ತಿದ್ದ ಪಕ್ಷದವರೇ. ನಮ್ಮ ಕಡೆ ಯೋಚಿಸಬೇಕಾದದ್ದು ಇದನ್ನು.

ಏಕೆಂದರೆ ಇಲ್ಲಿ ಲೆಕ್ಕ ಕೇಳುವುದು ವಿರೋಧ ಪಕ್ಷದ ಪಾಲಿಗೆ ಬಿಟ್ಟ ಕೆಲಸವಾಗಿದೆ. 2020ರಲ್ಲಿ ತಡೆಯನ್ನು ಪ್ರತಿಭಟಿಸಿದ ಪಾಟೀಲರು 2023ರಲ್ಲಿ ಕಾನೂನು ಮತ್ತು ಸಂಸದೀಯ ವ್ಯವಹಾರಗಳ ಸಚಿವರಾದರು. ಅದೇ ವರ್ಷ ಅವರ ಸರ್ಕಾರ ಕೋವಿಡ್ ಖರೀದಿಯ ತನಿಖೆಗೆ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗ ನೇಮಿಸಿತು. 2024ರ ಆಗಸ್ಟ್‌ನಲ್ಲಿ ಮಧ್ಯಂತರ ವರದಿ ಬಂತು. ಕೋವಿಡ್ ಕಾಲದಲ್ಲಿ ಆರೋಗ್ಯ ಖಾತೆ ಹೊತ್ತಿದ್ದ ಡಾ. ಕೆ. ಸುಧಾಕರ್ ಅಕ್ರಮದ ಆರೋಪಗಳನ್ನು ನಿರಾಕರಿಸಿ, ಇದು ರಾಜಕೀಯ ದ್ವೇಷ ಎಂದರು. ಶಿವಗಂಗೆ ಇರುವ ನೆಲಮಂಗಲ ವಿಧಾನಸಭಾ ಕ್ಷೇತ್ರ ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರಕ್ಕೆ ಸೇರುವುದರಿಂದ ಅವರೇ 2024ರಿಂದ ಶಿವಗಂಗೆಯ ಸಂಸದರು. ಯಾರ ಮಾತು ಸರಿ ಎಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಮೂರು ವರ್ಷ ಕಳೆದು, ಸರ್ಕಾರ ಬದಲಾಗಿ, ಗೆದ್ದವರು ನೇಮಿಸಿದ ಆಯೋಗ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದರ ಮೇಲೆ ದ್ವೇಷದ ಆರೋಪ ಬಂದೇ ಬರುತ್ತದೆ. ಅದೇ ಪರಿಶೀಲನೆಯನ್ನು ಎಲ್ಲ ಪಕ್ಷದವರೂ ಇರುವ ಸದನದ ಸಮಿತಿ 2020ರಲ್ಲೇ ಮಾಡಿದ್ದರೆ ಆರೋಪಿತರಿಗೂ ಅದರಿಂದ ನ್ಯಾಯ ಸಿಗುತ್ತಿತ್ತು, ಸರಿ ಮಾಡಿದ್ದವರ ಹೆಸರು ಅಂದೇ ಶುದ್ಧವಾಗುತ್ತಿತ್ತು.

ಶಾಸಕರಿಗೆ ವೈದ್ಯಕೀಯ ಏನು ಗೊತ್ತು ಎಂದು ಕೇಳುವವರಿದ್ದಾರೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅನುಮಾನ ಹೋದದ್ದು ಪಶ್ಚಿಮ ಬಂಗಾಳದ ಕಂಪನಿಯೊಂದು ಸರಬರಾಜು ಮಾಡಿದ್ದ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಬಾಟಲಿಗಳ ಮೇಲೆ. ಅದೇ ಕಂಪನಿಯ ಕೆಲವು ಬ್ಯಾಚ್‌ಗಳನ್ನು ರಾಜ್ಯ ತನ್ನ ಪ್ರಯೋಗಾಲಯದ ಫಲಿತಾಂಶ ನೋಡಿ ಮೊದಲು ತಡೆಹಿಡಿದಿತ್ತು. ನಂತರ ಕೇಂದ್ರದ ಪ್ರಯೋಗಾಲಯದ ಫಲಿತಾಂಶದ ಆಧಾರದ ಮೇಲೆ ಬಳಕೆಗೆ ಬಿಟ್ಟಿತ್ತು. ಡಿಸೆಂಬರ್‌ನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ಇದು ದೊಡ್ಡ ಚರ್ಚೆಯಾಯಿತು. ಅಲ್ಲಿ ಬೇಕಾಗಿದ್ದ ಪ್ರಶ್ನೆಗಳಿಗೆ ಎಂಬಿಬಿಎಸ್ ಓದಬೇಕಾಗಿರಲಿಲ್ಲ. ಒಮ್ಮೆ ಅನುಮಾನ ಬಂದು ನಿಲ್ಲಿಸಿದ ಸರಕು ಯಾರ ಸಹಿಯಿಂದ ಮತ್ತೆ ವಾರ್ಡಿಗೆ ಹೋಯಿತು? ಎರಡು ಪ್ರಯೋಗಾಲಯಗಳು ಬೇರೆ ಬೇರೆ ಹೇಳಿದಾಗ ಬಾಣಂತಿಯ ಪರವಾಗಿ ನಿಲ್ಲುವ ನಿಯಮ ಏಕಿಲ್ಲ? ಮಗಳ ಹೆರಿಗೆಗೆ ಆಸ್ಪತ್ರೆಯ ಹೊರಗೆ ಕಾದು ಕುಳಿತ ಯಾವ ತಾಯಿಯಾದರೂ ಇದನ್ನು ಕೇಳಬಲ್ಲಳು. ಸದನದಲ್ಲಿ ಸಾಮಾನ್ಯರು ಕೂರುವುದು ಇದಕ್ಕಾಗಿಯೇ. ತಜ್ಞ ತನ್ನ ವಿದ್ಯೆಯೊಳಗಿನ ತಪ್ಪನ್ನು ಹುಡುಕುತ್ತಾನೆ, ಆದರೆ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಾಗ ಕಳೆದುಹೋದ ಜವಾಬ್ದಾರಿಯನ್ನು ಹುಡುಕಲು ಹೊರಗಿನವರೇ ಬೇಕು.

ಈ ಕೆಲಸ ಸಾವಿನ ನಂತರ ಶುರುವಾದರೆ ಸಾಲದು. ಕೇರಳದ ವಿಧಾನಸಭೆ 1980ರಲ್ಲೇ ವಿಷಯ ಸಮಿತಿಗಳನ್ನು ರಚಿಸಿ, ಇಲಾಖೆಗಳ ಬೇಡಿಕೆಗಳನ್ನು ಮತಕ್ಕೆ ಹಾಕುವ ಮೊದಲೇ ಕೂತು ನೋಡುವ ಪದ್ಧತಿ ತಂದಿತು. ನಮ್ಮಲ್ಲಿ ಸದನ ವರ್ಷಕ್ಕೆ 60 ದಿನ ಸೇರಬೇಕೆಂದು 2005ರಲ್ಲಿ ನಾವೇ ಕಾಯಿದೆ ಮಾಡಿಕೊಂಡೆವು, ಆ ಮಿತಿ ಮುಟ್ಟುವುದು ಅಪರೂಪ. ಸೇರಿದ ದಿನಗಳಲ್ಲೂ ಗದ್ದಲದ ನಡುವೆ ಸಾವಿರಾರು ಕೋಟಿಯ ಬೇಡಿಕೆಗಳು ಚರ್ಚೆಯಿಲ್ಲದೆ ಅಂಗೀಕಾರವಾಗುವುದನ್ನು ನೋಡಿದ್ದೇವೆ. ಡಾ. ಎಚ್. ಸುದರ್ಶನ್ ನೇತೃತ್ವದ ಕಾರ್ಯಪಡೆ 2001ರಲ್ಲಿ ಕೊಟ್ಟ ವರದಿ ರಾಜ್ಯದ ಆರೋಗ್ಯ ವ್ಯವಸ್ಥೆಯ ಮುಖ್ಯ ಸಮಸ್ಯೆಗಳನ್ನು ಹೆಸರಿಸುವಾಗ ಭ್ರಷ್ಟಾಚಾರವನ್ನು ಮುಚ್ಚಿಡಲಿಲ್ಲ. ಸದನ ಆ ವರದಿಯನ್ನು ಪ್ರತಿ ಬಜೆಟ್ಟಿನ ಹೊತ್ತಿಗೆ ತೆರೆದಿಟ್ಟು, ಇದು ಆಯಿತೇ, ಇದು ಏಕಾಗಲಿಲ್ಲ ಎಂದು ಕೇಳುತ್ತಾ ಬಂದಿದ್ದರೆ ಎಂದು ಅನೇಕ ಸಲ ಅಂದುಕೊಂಡಿದ್ದೇನೆ.

ದೊಡ್ಡ ಸುಧಾರಣೆಗೆ ಕಾಯದೆ ಈಗಲೇ ಮಾಡಬಹುದಾದದ್ದೂ ಇದೆ. ಮುಂದಿನ ಅಧಿವೇಶನಕ್ಕೆ ನೆಲಮಂಗಲದ ಶಾಸಕರು, ಅವರು ಯಾವ ಪಕ್ಷದವರೇ ಇರಲಿ, ಲಿಖಿತ ಉತ್ತರ ಕೇಳುವ, ಚುಕ್ಕೆ ಗುರುತಿಲ್ಲದ ಒಂದು ಪ್ರಶ್ನೆ ಕೊಡಬಹುದು. ಶಿವಗಂಗೆ ಇರುವ ಸೋಂಪುರ ಹೋಬಳಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ಕಳೆದ 12 ತಿಂಗಳಲ್ಲಿ ಯಾವ ಯಾವ ಔಷಧಿ ಎಷ್ಟೆಷ್ಟು ದಿನ ಖಾಲಿ ಇತ್ತು? ಇಂಡೆಂಟ್ ಹಾಕಿದ ದಿನಾಂಕ ಯಾವುದು, ಸರಕು ಬಂದ ದಿನಾಂಕ ಯಾವುದು? ಸಂಕ್ರಾಂತಿಯ ಗಿರಿಜಾ ಕಲ್ಯಾಣಕ್ಕೆ ಶಿವಗಂಗೆಯಲ್ಲಿ ಜನ ಸೇರುವ ದಿನ ಎಷ್ಟು 108 ಆಂಬುಲೆನ್ಸ್‌ಗಳನ್ನು ಎಲ್ಲಿ ನಿಲ್ಲಿಸಲಾಗಿತ್ತು, ಕರೆ ಬಂದ ಎಷ್ಟು ನಿಮಿಷಕ್ಕೆ ಹೊರಟವು? ಉತ್ತರ ಬಂದ ಮೇಲೆ ಅದರ ಪ್ರತಿಯನ್ನು ಗ್ರಾಮಸಭೆಯಲ್ಲಿ ಓದಿಸಿ, ಔಷಧಿ ಕಿಟಕಿಯ ಮುಂದೆ ನಿಲ್ಲುವವರನ್ನೇ ಕೇಳಬೇಕು, ಇದು ಹೌದೇ ಎಂದು. ಇಲ್ಲ ಎಂದು ಅವರು ಹೇಳಿದರೆ, ಎರಡನೇ ಪ್ರಶ್ನೆಯನ್ನು, ಸಚಿವರು ಸದನದಲ್ಲೇ ಎದ್ದು ಉತ್ತರಿಸುವಂತೆ, ಚುಕ್ಕೆ ಗುರುತಿನೊಂದಿಗೆ ಕೊಡಬೇಕು.