ಗಡಿಗೆ ಪಾವಿತ್ರ್ಯ ಎಲ್ಲಿಂದ ಬರುತ್ತದೆ?

ಹೊಸೂರು ಕಡೆಯಿಂದ ಬರುವ ವಾಹನ ಅತ್ತಿಬೆಲೆ ಮುಟ್ಟಿದೊಡನೆ ಕರ್ನಾಟಕದ ಸ್ವಾಗತ ಫಲಕ ಎದುರಾಗುತ್ತದೆ. ನವೆಂಬರಿನಲ್ಲಾದರೆ ಹಳದಿ-ಕೆಂಪು ಬಾವುಟಗಳೂ ಜೊತೆಗಿರುತ್ತವೆ. ಫಲಕದ ಆಚೆಗೂ ಈಚೆಗೂ ಅದೇ ಮಣ್ಣು, ಅದೇ ಹೆದ್ದಾರಿ. ಆದರೂ ಅದನ್ನು ದಾಟುವಾಗ ಕನ್ನಡಿಗರಿಗೆ ತವರು ಸೇರಿದಂತಾಗುತ್ತದೆ. ನಾಡನ್ನು ತಾಯಿ ಭುವನೇಶ್ವರಿ ಎಂದು ಕೈಮುಗಿಯುವ ನಮಗೆ ಗಡಿ ಬರೀ ಕಂದಾಯದ ಗೆರೆಯಾಗಿ ಕಾಣುವುದಿಲ್ಲ. ಇಲ್ಲೊಂದು ಧರ್ಮಜಿಜ್ಞಾಸೆ ಇದೆ. 1956ರಲ್ಲಿ ಸಂಸತ್ತು ಕಾನೂನು ಮಾಡಿ ಎಳೆದ, ಸಂವಿಧಾನದ 3ನೇ ವಿಧಿಯಂತೆ ನಾಳೆ ಸಂಸತ್ತೇ ಬದಲಿಸಬಹುದಾದ ಗೆರೆಗೆ ಪಾವಿತ್ರ್ಯ ಬರುವುದಾದರೆ ಎಲ್ಲಿಂದ? ಗೆರೆಯ ಒಳಗಿರುವವರು ಹೊತ್ತ ಹೊಣೆಯಿಂದ ಎಂಬುದು ನನ್ನ ಉತ್ತರ. ಆ ಹೊಣೆ ಹೊರದಿದ್ದರೆ ಬಾವುಟ ಎಷ್ಟೇ ಎತ್ತರಕ್ಕೆ ಹಾರಿದರೂ ಗಡಿಗೆ ಬೆಲೆ ಬರುವುದಿಲ್ಲ.

ಎಲ್ಲೆಯನ್ನು ಪವಿತ್ರವೆಂದು ಮೊದಲು ಕಂಡವರು ನಾವೇನಲ್ಲ. ವಿಷ್ಣು ದೇವಾಲಯಕ್ಕೆ ಬಿಟ್ಟ ದತ್ತಿ ಭೂಮಿಯ ಅಂಚಿಗೆ ಕೊಡೆ, ಕಮಂಡಲ ಹಿಡಿದ ವಾಮನನನ್ನು ಕೆತ್ತಿದ ಕಲ್ಲು ನೆಡುತ್ತಿದ್ದರು. ಶಿವಾಲಯದ ಭೂಮಿಗೆ ಲಿಂಗಮುದ್ರೆಯ ಕಲ್ಲು, ಬಸದಿಯ ಭೂಮಿಗೆ ಮುಕ್ಕೊಡೆಯ ಕಲ್ಲು. ದಾನಶಾಸನಗಳ ಕೊನೆಗೆ ಬರುವ ಶಾಪದ ಮಾತನ್ನು ಗಮನಿಸಿ. ಈ ಧರ್ಮವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪ ಬರುತ್ತದೆಂದು ಎಷ್ಟೋ ಶಾಸನಗಳು ಹೇಳುತ್ತವೆ. ಆ ಶಾಪ ಎಲ್ಲೆ ದಾಟಿ ಬಂದ ದಾರಿಹೋಕನಿಗೆ ತಟ್ಟುವುದಿಲ್ಲ, ದತ್ತಿಯನ್ನು ಕಬಳಿಸಿದವನಿಗೆ ತಟ್ಟುತ್ತದೆ. ಕೊಟ್ಟವನೇ ಮರಳಿ ಕಸಿದುಕೊಂಡರೂ ಪಾಪ ತಪ್ಪಿದ್ದಲ್ಲ. ಕಲ್ಲಿನ ಮೇಲೆ ದೇವರನ್ನು ಕೂರಿಸಿದ್ದು ಭೂಮಿ ಯಾರ ಕೈಯಲ್ಲಿದೆಯೋ ಅವರ ಕೈ ಕಟ್ಟುವುದಕ್ಕೆ. ಬೇಗೂರಿನಂಥ ಊರುಗಳ ವೀರಗಲ್ಲುಗಳನ್ನು ತೋರಿಸಿ, ಎಲ್ಲೆಗಾಗಿ ರಕ್ತವೂ ಹರಿದಿಲ್ಲವೇ ಎಂದು ಕೇಳಬಹುದು. ಹರಿದಿದೆ. ಆದರೆ ಊರಿಗಾಗಿ, ದನಗಳಿಗಾಗಿ, ಒಡೆಯನಿಗಾಗಿ ಪ್ರಾಣ ಕೊಟ್ಟವನನ್ನು ನೆನೆಯಲು ಆ ಕಲ್ಲು ನಿಂತಿದೆ. ಅಲ್ಲೂ ಪೂಜ್ಯವಾದದ್ದು ಹೊತ್ತ ಹೊಣೆಯೇ.

ದಕ್ಷಿಣ ಬೆಂಗಳೂರಿನ ನೆಲವೇ ಇದಕ್ಕೆ ಸಾಕ್ಷಿ. ಲಾಲ್‌ಬಾಗಿನ ಬಂಡೆಯ ಮೇಲಿರುವ ಗೋಪುರ ಕೆಂಪೇಗೌಡರ ವಂಶದವರು ಊರಿನ ಎಲ್ಲೆಗೆ ಕಟ್ಟಿಸಿದ ನಾಲ್ಕರಲ್ಲಿ ಒಂದು ಎಂಬುದು ಜನರ ನಂಬಿಕೆ. 1948ರಲ್ಲಿ ಶುರುವಾದ ಜಯನಗರ, ಆಮೇಲೆ ಬೆಳೆದ ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ ಎಲ್ಲವೂ ಆ ಗೋಪುರದ ಆಚೆಗಿವೆ. ಎಲ್ಲೆ ಮೀರಿ ಬಂದವರನ್ನು ಊರು ಹೊರಗಿನವರೆಂದು ತಳ್ಳಲಿಲ್ಲ, ಗೋಪುರದ ಗೌರವವೂ ಕುಂದಲಿಲ್ಲ. ಬಿ.ಟಿ.ಎಂ. ಪಕ್ಕದ ಮಡಿವಾಳದ ಸೋಮೇಶ್ವರ ದೇವಾಲಯದ ಗೋಡೆಯಲ್ಲಿ 13ನೇ ಶತಮಾನದ ತಮಿಳು ಶಾಸನವಿದೆ. ಇಂದು ತಮಿಳುನಾಡಿನಲ್ಲಿರುವ ಧರ್ಮಪುರಿಯಲ್ಲಿ 9ನೇ ಶತಮಾನದ ನೊಳಂಬರ ಕನ್ನಡ ಶಾಸನವಿದೆ. ಎರಡೂ ದತ್ತಿಯ ಮಾತನ್ನೇ ಆಡುತ್ತವೆ. ಭಾಷೆ ಯಾವುದಾದರೂ ಕೊಟ್ಟ ಮಾತು ಉಳಿಯಬೇಕೆಂಬ ಕಾಳಜಿ ಎರಡರಲ್ಲೂ ಒಂದೇ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಗಡಿಯನ್ನು ಇಷ್ಟು ಉದಾರವಾಗಿ ಕಂಡರೆ ಕನ್ನಡ ಉಳಿಯುವುದು ಹೇಗೆ? ಕಾಸರಗೋಡನ್ನು ನೋಡಿ, ಚಂದ್ರಗಿರಿ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ್ ಆಯೋಗ 1967ರಲ್ಲಿ ಹೇಳಿದರೂ ಅದು ಕೇರಳದಲ್ಲೇ ಉಳಿಯಿತು, ಅಲ್ಲಿನ ಕನ್ನಡಿಗರ ಸಂಕಟ ಇಂದಿಗೂ ತೀರಿಲ್ಲ ಎನ್ನುತ್ತಾರೆ. ಈ ನೋವು ಸುಳ್ಳಲ್ಲ. ಆದರೆ ಅಲ್ಲಿನ ಕನ್ನಡಿಗರು ದಿನನಿತ್ಯ ಏನು ಕೇಳುತ್ತಿದ್ದಾರೆ? ಕನ್ನಡ ಶಾಲೆಗೆ ಕನ್ನಡ ಬಲ್ಲ ಮೇಷ್ಟ್ರನ್ನು ಕೊಡಿ, ಕಚೇರಿಯ ಕಾಗದ ನಮ್ಮ ಭಾಷೆಯಲ್ಲಿ ಬರಲಿ ಎಂದು. ಅಂದರೆ ಗೆರೆಯೊಳಗೆ ಯಾರ ಅಧಿಕಾರವಿದೆಯೋ ಅವರು ಹೊಣೆ ನಿಭಾಯಿಸಲಿ ಎಂದು. ಭಾಷಾವಾರು ರಾಜ್ಯಗಳಿಗೆ ದಾರಿ ಮಾಡಿದ 1956ರ 7ನೇ ತಿದ್ದುಪಡಿಯೇ ಸಂವಿಧಾನಕ್ಕೆ 350ಎ ವಿಧಿಯನ್ನೂ ಸೇರಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಒದಗಿಸಬೇಕು ಎನ್ನುತ್ತದೆ ಅದು. ಗೆರೆ ಮತ್ತು ಹೊಣೆ ಒಟ್ಟಿಗೇ ಹುಟ್ಟಿದವು. ಕೇರಳದಿಂದ ನಾವು ಬಯಸುವ ನ್ಯಾಯವನ್ನು ಇಲ್ಲಿನ ತಮಿಳು, ತೆಲುಗು, ಉರ್ದು, ಮಲಯಾಳ ಮನೆಮಾತಿನ ಮಕ್ಕಳಿಗೆ ನಾವೂ ಕೊಡಬೇಕು. ಇನ್ನು ಬೆಂಗಳೂರಿನಲ್ಲಿ ಕನ್ನಡ ಸೊರಗುತ್ತಿದ್ದರೆ ಅದಕ್ಕೆ ಮದ್ದು ಅತ್ತಿಬೆಲೆಯಲ್ಲಿಲ್ಲ. ನಮ್ಮ ಮಕ್ಕಳು ಹೋಗುವ ಶಾಲೆಯಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ, ಜಯನಗರ 4ನೇ ಬ್ಲಾಕಿನ ಅಂಗಡಿ ಸಾಲಿನಲ್ಲಿ ನಾವು ಮೊದಲು ಯಾವ ಭಾಷೆಯಲ್ಲಿ ಬಾಯಿ ತೆರೆಯುತ್ತೇವೆ ಎಂಬುದರಲ್ಲಿದೆ.

ಎದುರು ದಿಕ್ಕಿನಿಂದಲೂ ಆಕ್ಷೇಪ ಬರುತ್ತದೆ. ಜಗವೆಲ್ಲ ಒಂದೇ ಎನ್ನುವ ಅಧ್ಯಾತ್ಮಕ್ಕೆ ಗಡಿಯೇ ಏಕೆ, ಬಾವುಟವೇ ಏಕೆ? ಕಲ್ಯಾಣದ ಶರಣರಲ್ಲಿ ಆದಯ್ಯ ಸೌರಾಷ್ಟ್ರದಿಂದ, ಮೋಳಿಗೆ ಮಾರಯ್ಯ ಕಾಶ್ಮೀರದಿಂದ ಬಂದವರೆಂದು ಪರಂಪರೆ ಹೇಳುತ್ತದೆ. ತಮಿಳು ನೆಲದ ರಾಮಾನುಜರು ಮೇಲುಕೋಟೆಯಲ್ಲಿ ನೆಲೆ ಕಂಡರು. ನಿಜ. ಆದರೆ ಅವರನ್ನು ಬರಮಾಡಿಕೊಳ್ಳಲು ಒಂದು ಕಲ್ಯಾಣ, ಒಂದು ಮೇಲುಕೋಟೆ ಇರಬೇಕಾಯಿತು. ದೂರದಿಂದ ಬಂದ ಆ ಶರಣರು ಕನ್ನಡದಲ್ಲೇ ವಚನ ಬರೆದರು ಎಂಬುದನ್ನೂ ಮರೆಯಬಾರದು. ಎಲ್ಲರದೂ ಎಂದ ಕೆಲಸ ಕೊನೆಗೆ ಯಾರದೂ ಆಗುವುದಿಲ್ಲ. ಆಸ್ಪತ್ರೆ, ಶಾಲೆ, ಕೆರೆ ಇವುಗಳಿಗೆ ಉತ್ತರ ಹೇಳುವವರು ಯಾರು ಎಂಬುದನ್ನು ಗಡಿ ಗೊತ್ತುಮಾಡುತ್ತದೆ. ಅದಕ್ಕಾಗಿ ಗಡಿ ಬೇಕು, ಬಾವುಟವೂ ಬೇಕು.

ಆದ್ದರಿಂದ ರಾಜ್ಯೋತ್ಸವದಂದು ಬೀದಿಯಲ್ಲಿ ಬಾವುಟ ಏರಿಸುವ ಎಲ್ಲರಲ್ಲೂ ಒಂದು ಮನವಿ. ಬಿ.ಟಿ.ಎಂ.ನ ಪಿ.ಜಿ.ಗಳಲ್ಲಿ ಇರುವ ಹುಡುಗ ಹುಡುಗಿಯರು, ನಿಮ್ಮ ಅಪಾರ್ಟ್‌ಮೆಂಟಿನ ಗೇಟು ಕಾಯುವವರು, ಮೆಟ್ರೊ ಕಟ್ಟುವ ಕೂಲಿಕಾರರು ನಮ್ಮ ಹೆಸರಿನಲ್ಲಿ ಹಾಕಿದ ಸ್ವಾಗತ ಫಲಕ ದಾಟಿ ಬಂದವರು. ಅವರಿಗೆ ನ್ಯಾಯವಾದ ಕೂಲಿ ಕೊಡಿಸಿ, ಜಾತಿ ಊರು ಕೇಳದೆ ಮನೆ ಬಾಡಿಗೆಗೆ ಕೊಡಿ, ತಾಳ್ಮೆಯಿಂದ ಕನ್ನಡ ಕಲಿಸಿ. ಅವರೂ ಕಲಿಯಲಿ, ಅದು ಅವರ ಹೊಣೆ. ಆದರೆ ಮನೆಯವರು ನಾವು, ಮೊದಲ ಹೆಜ್ಜೆ ನಾವೇ ಇಡಬೇಕು.