ಮೌನವು ಮರಣಶಾಸನವಾದೀತೇ?

ಬಳ್ಳಾರಿಯ ಮ್ಯಾಥ್ಯೂ ಅಬ್ರಹಾಮನೆಂಬ ಕ್ರೈಸ್ತನು ಬಹಳ ಆಸ್ತಿಯನ್ನು ಸಂಪಾದಿಸಿ, 1842ರಲ್ಲಿ ಮರಣಶಾಸನವನ್ನು ಬರೆಯದೆ ತೀರಿಹೋದನು. ಆತನ ಸಹೋದರನು ಹಿಂದೂ ಅವಿಭಕ್ತ ಕುಟುಂಬದ ಪದ್ಧತಿಯಂತೆ ತನಗೂ ಪಾಲುಂಟೆಂದನು, ವಿಧವೆಯು ಒಪ್ಪಲಿಲ್ಲ. ವ್ಯಾಜ್ಯವು ಲಂಡನಿನ ಪ್ರಿವಿ ಕೌನ್ಸಿಲಿನ ವರೆಗೆ ಹೋಯಿತು. ಮತಾಂತರ ಹೊಂದಿದವನು ಹಳೆಯ ಪದ್ಧತಿಯನ್ನು ಇಟ್ಟುಕೊಳ್ಳಬಹುದು, ಬಿಡಲೂಬಹುದು. ಅದನ್ನು ಅವನ ನಡತೆಯಿಂದ ತಿಳಿಯತಕ್ಕದ್ದೆಂದು 1863ರಲ್ಲಿ ತೀರ್ಪಾಯಿತು. ಸತ್ತವನನ್ನು ಕೇಳುವ ಹಾಗಿರಲಿಲ್ಲವಷ್ಟೆ.

ಈಗ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ, ಮಕ್ಕಳುಳ್ಳ ಕ್ರೈಸ್ತನು ಶಾಸನ ಬರೆಯದೆ ಸತ್ತರೆ ಆಸ್ತಿಯ ಮೂರರಲ್ಲೊಂದು ಪಾಲು ವಿಧವೆಗೆ; ಉಳಿದದ್ದು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮವಾಗಿ. ಆದರೂ ತಂದೆಯ ಸಮಾಧಿಯ ಮಣ್ಣು ಆರುವ ಮೊದಲೇ ಅಣ್ಣಂದಿರು ತಂಗಿಯ ಮುಂದೆ ಹಕ್ಕುಬಿಡುಗಡೆಯ ಕಾಗದವನ್ನಿಡುವರು. “ನಿನ್ನ ಮದುವೆಗೆ ಖರ್ಚುಮಾಡಿದೆವಲ್ಲಾ” ಅನ್ನುವರು. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಅವಳು ರುಜು ಹಾಕುವಳು. ಇದು ದಾನವೋ? ಹಾಗೆನ್ನಲು ನನಗೆ ಬಾಯಿ ಬಾರದು.

ಇದರಲ್ಲಿ ತಂದೆಯ ದೋಷವೂ ಉಂಟು. ಹೊಲದಲ್ಲಿ ದುಡಿದ ಮಗನಿಗೆ ಹೆಚ್ಚು ಕೊಡುವ ಮನಸ್ಸಿದ್ದರೆ, ಬದುಕಿರುವಾಗಲೇ ಮಗಳ ಎದುರಿನಲ್ಲಿ ಕಾರಣವನ್ನು ಹೇಳಿ, ಇಬ್ಬರು ಸಾಕ್ಷಿಗಳ ಮುಂದೆ ರುಜು ಮಾಡಲಿ. ಪಾಲು ಹೊಂದುವವರಾಗಲಿ ಅವರ ಗಂಡಹೆಂಡಿರಾಗಲಿ ಸಾಕ್ಷಿ ಹಾಕಬಾರದು. ಹಾಕಿದರೆ ಆ ಪಾಲು ತಪ್ಪಿಹೋಗುವದು. ಛಾಪಾಕಾಗದವೂ ಬೇಡ, ಬಿಳೀ ಕಾಗದವೇ ಸಾಕು.