ಋಣದ ತುದಿ

“ಬ್ಯಾಟರಿ ತುಂಬಿದೆ. ಗಾಡಿಗೆ ಅದು ಗೊತ್ತಾಗಿಲ್ಲ, ಅಷ್ಟೆ.”

2020ರ ಬೇಸಿಗೆಯಲ್ಲಿ ನಮ್ಮ ಬೀದಿಯ ಮೆಕ್ಯಾನಿಕ್ ಆಡಿದ ಈ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಮಾರ್ಚ್ 25ರಿಂದ ಊರಿಗೆ ಊರೇ ಕದ ಹಾಕಿಕೊಂಡಿತ್ತು. ಕಾರು ಹೊಂಗೆ ಮರದ ಕೆಳಗೆ ಹೂ ಹೊದ್ದು ನಿಂತಿತ್ತು. ಆರೇಳು ವಾರ ಕಳೆದು ಕೀಲಿ ತಿರುಗಿಸಿದರೆ ಕಟಕಟ ಸದ್ದು, ಸೆಲ್ಫ್ ಹೊಡೆಯಲಿಲ್ಲ. ನಿಂತ ಗಾಡಿ ನಿದ್ದೆ ಹೋಗಿರುತ್ತದೆ ಎಂದುಕೊಳ್ಳುತ್ತೇವೆ. ಹಾಗಿಲ್ಲ. ಗಡಿಯಾರ ನಡೆಯುತ್ತಿರಬೇಕು, ಕಳ್ಳರಿಗಾಗಿ ಅಲಾರಂ ಕಾಯುತ್ತಿರಬೇಕು, ನಮ್ಮ ಜೇಬಿನ ಕೀಲಿ ಎಂದಾದರೂ ಕರೆದೀತೆಂದು ಒಂದು ಕಿವಿ ತೆರೆದೇ ಇರಬೇಕು. ಇಷ್ಟಕ್ಕೆಲ್ಲ ಬರೀ 50 ಮಿಲಿ ಆಂಪಿಯರ್ ಸೋರಿದರೂ ದಿನಕ್ಕೆ 1.2 ಆಂಪಿಯರ್ ಅವರ್ ಆಯಿತು. 45ರ ಬ್ಯಾಟರಿ 20 ದಿನ ತುಂಬುವ ಮೊದಲೇ ಅರ್ಧ ಬರಿದು.

ಚಾರ್ಜರ್ ಎರವಲು ತಂದೆ. ಕೆಂಪು ಕ್ಲಿಪ್ಪನ್ನು ಪ್ಲಸ್ಸಿಗೆ, ಕಪ್ಪು ಕ್ಲಿಪ್ಪನ್ನು ಮೈನಸ್ಸಿಗೆ ಕಚ್ಚಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಎಂಜಿನ್ ಒಂದೇ ಏಟಿಗೆ ಎದ್ದಿತು. ಆದರೆ ಸಿಗ್ನಲ್‌ನಲ್ಲಿ ನಿಂತಾಗ ತಾನಾಗಿ ಆರಿ, ಮತ್ತೆ ತಾನಾಗಿ ಹೊತ್ತಿಕೊಳ್ಳುವ ಅದರ ವಾಡಿಕೆ ಮಾತ್ರ ನಿಂತುಹೋಗಿತ್ತು. ಚಾರ್ಜ್ ಸಾಲದು ಎಂದು ಪರದೆ ಹೇಳುತ್ತಿತ್ತು. ಮೀಟರ್ ಹಿಡಿದರೆ ಬ್ಯಾಟರಿ ಭರ್ತಿ.

ಮೆಕ್ಯಾನಿಕ್ ಬಾನೆಟ್ ಎತ್ತಿ, ಮೈನಸ್ ತುದಿಯನ್ನು ಅಪ್ಪಿ ಕೂತಿದ್ದ ಬೆಂಕಿಪೊಟ್ಟಣದಷ್ಟು ಗಾತ್ರದ ಕಪ್ಪು ಡಬ್ಬಿಯನ್ನು ತೋರಿಸಿದ. ಅದು ಗಾಡಿಯ ಶಾನುಭೋಗ. ಅದರೊಳಗೊಂದು ಲೋಹದ ಪಟ್ಟಿ. ಅದರ ಪ್ರತಿರೋಧ ಹೆಚ್ಚುಕಡಿಮೆ ಒಂದು ಓಮಿನ ಹತ್ತು ಸಾವಿರದಲ್ಲೊಂದು ಪಾಲು. ಬ್ಯಾಟರಿಗೆ ಹೋಗುವ, ಅದರಿಂದ ಬರುವ ಕರೆಂಟೆಲ್ಲ ಈ ಪಟ್ಟಿಯನ್ನು ಹಾದೇ ಸಾಗಬೇಕು. ನಿಂತಾಗ ಸೋರುವ ಮಿಲಿ ಆಂಪಿಯರ್‌ನಿಂದ ಹಿಡಿದು ಸೆಲ್ಫ್ ಹೊಡೆಯುವಾಗಿನ ನೂರಾರು ಆಂಪಿಯರ್‌ವರೆಗೆ ಎಲ್ಲವನ್ನೂ ಅದು ಕೂಡಿ ಕಳೆದು ಗಾಡಿಯ ಕಂಪ್ಯೂಟರಿಗೆ ವರದಿ ಒಪ್ಪಿಸುತ್ತದೆ. ನಾನು ಕಪ್ಪು ಕ್ಲಿಪ್ಪನ್ನು ನೇರ ಬ್ಯಾಟರಿಯ ಕಂಬಕ್ಕೇ ಕಚ್ಚಿಸಿದ್ದೆ. ಬಂದ ಕರೆಂಟ್ ಶಾನುಭೋಗನ ಮುಂದೆ ಹಾಯಲೇ ಇಲ್ಲ. ಕಣಜ ತುಂಬಿತು, ಕಡತದಲ್ಲಿ ಬರಗಾಲ ಹಾಗೇ ಉಳಿಯಿತು.

“ಕಪ್ಪನ್ನ ಗಾಡಿಯ ಮೈಗೆ ಕೊಡಬೇಕಿತ್ತು” ಎಂದ. ಬಣ್ಣವಿಲ್ಲದ ಬರಿಲೋಹದ ಬೋಲ್ಟಿಗೆ, ಅಥವಾ ಕಂಪನಿ ಇದಕ್ಕೆಂದೇ ಬಿಟ್ಟಿರುವ ಮೊಳೆಗೆ. ಬ್ಯಾಟರಿ ಡಿಕ್ಕಿಯಲ್ಲೋ ಸೀಟಿನಡಿಯಲ್ಲೋ ಅಡಗಿರುವ ಕೆಲವು ಕಾರುಗಳಲ್ಲಿ ಬಾನೆಟ್ಟಿನೊಳಗೆ ಈ ಎರಡು ತುದಿಗಳನ್ನು ಬೇರೆಯಾಗಿಯೇ ಕೊಟ್ಟಿರುತ್ತಾರೆ. ಗಾಡಿಯ ಕೈಪಿಡಿಯಲ್ಲಿ ಜಾಗದ ಚಿತ್ರವಿರುತ್ತದೆ. ಮೊದಲು ಕೆಂಪು, ಆಮೇಲೆ ಕಪ್ಪು, ಕೊನೆಗೆ ಸ್ವಿಚ್. ಬಿಚ್ಚುವಾಗ ಸ್ವಿಚ್ ಮೊದಲು, ಉಳಿದದ್ದೂ ತಿರುಗುಮುರುಗು.

ಈ ಪಾಠ ಹಳೆಯದೇ. ಚಾರ್ಜ್ ಆಗುವಾಗ ಸೀಸದ ಬ್ಯಾಟರಿ ಜಲಜನಕವನ್ನು ಬಿಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಸೇರಿದರೆ ಒಂದು ಕಿಡಿ ಸಾಕು. ಕೊನೆಯ ಕ್ಲಿಪ್ ತಾಗುವಾಗ ಕಿಡಿ ಹಾರುವುದರಿಂದ ಆ ತಾಗುವಿಕೆ ಬ್ಯಾಟರಿಯಿಂದ ದೂರವಿರಲಿ ಎಂದು ಹಿಂದಿನವರು ಕಪ್ಪನ್ನು ಗಾಡಿಯ ಮೈಗೆ ಕೊಡುತ್ತಿದ್ದರು. ಪ್ರಾಣ ಉಳಿಸಲು ಹೇಳಿದ ಜಾಗವೇ ಈಗ ಲೆಕ್ಕ ಉಳಿಸುವ ಜಾಗವೂ ಆಗಿದೆ. ನನಗಿದು ಬಹಳ ಇಷ್ಟವಾಯಿತು.

ನಮ್ಮ ಭಾಷೆ ಈ ಎರಡು ತುದಿಗಳಿಗೆ ಇಟ್ಟ ಹೆಸರು ಧನ ಮತ್ತು ಋಣ. 628ರಲ್ಲೇ ಬ್ರಹ್ಮಗುಪ್ತ ಕೂಡುವ ಕಳೆಯುವ ನಿಯಮಗಳನ್ನು ಇದೇ ಪದಗಳಲ್ಲಿ ಬರೆದಿದ್ದ. ವಿದ್ಯುತ್ತು ಬಂದಾಗ ಶಾಲೆಯ ಪುಸ್ತಕಗಳಿಗೆ ಹೊಸ ಪದ ಹುಡುಕುವ ಕಷ್ಟ ಬರಲಿಲ್ಲ. ಬೆಂಜಮಿನ್ ಫ್ರಾಂಕ್ಲಿನ್ ಪ್ಲಸ್ಸು ಮೈನಸ್ಸು ಎಂದು ಗುರುತಿಟ್ಟ ಮೇಲೆ ಕರೆಂಟ್ ಧನದಿಂದ ಋಣಕ್ಕೆ ಹರಿಯುತ್ತದೆಂಬ ಎಣಿಕೆ ಬೇರೂರಿತು. 1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದ. ತಂತಿಯಲ್ಲಿ ನಿಜಕ್ಕೂ ಹೊರಡುವುದು ಋಣದ ಕಡೆಯಿಂದಲೇ ಎಂದು ತಿಳಿದುಬಂತು. ಕಾರಿನ ಇಡೀ ಮೈಯನ್ನು ಆ ಋಣದ ತುದಿಗೇ ಕಟ್ಟಿರುತ್ತಾರೆ. ದೀಪ, ಹಾರ್ನು, ಪಂಪು ಎಲ್ಲದರ ಒಂದು ತಂತಿ ಮೈಗೇ ಬಂದು ಸೇರುತ್ತದೆ. ರಬ್ಬರ್ ಚಕ್ರಗಳ ಮೇಲೆ ನಿಂತು ನೆಲವನ್ನೇ ಮುಟ್ಟದ ಆ ಮೈಗೆ ಮೆಕ್ಯಾನಿಕ್‌ಗಳು ‘ಅರ್ಥ್’ ಎನ್ನುತ್ತಾರೆ, ಭೂಮಿ. ಅನ್ನದ ಋಣ, ಮಣ್ಣಿನ ಋಣ ಎನ್ನುವ ನಮಗೆ ಈ ಜೋಡಣೆ ಅಪರಿಚಿತವಲ್ಲ.

ಕ್ಲಿಪ್ಪು ತಪ್ಪಿದ ಆ ದಿನ ನನಗೆ ಹಳೆಯದೊಂದು ನೋವು ನೆನಪಾಯಿತು. ನಂಟರ ಹುಡುಗನೊಬ್ಬ ಓದುತ್ತಿದ್ದ. ಅವನ ಫೀಸನ್ನು ನಾನು ಕಾಲೇಜಿನ ಕಚೇರಿಗೇ ಹೋಗಿ ಕಟ್ಟಿಬಂದೆ, ಅವನಿಗೆ ಹೇಳಲಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಕೇಳಿ ಬೆಳೆದವನು, ಹೇಳದಿರುವುದೇ ದೊಡ್ಡದೆಂದು ನಂಬಿದ್ದೆ. ಮೂರು ತಿಂಗಳಾದ ಮೇಲೆ ಅವನು ಕೂಡಿಟ್ಟ ದುಡ್ಡು ಹಿಡಿದು ಕಚೇರಿಗೆ ಹೋದಾಗ ಫೀಸು ಎಂದೋ ಸಂದಿದೆ ಎಂದರಂತೆ. ಆ ಮೂರು ತಿಂಗಳು ರಾತ್ರಿ ಕೆಲಸಕ್ಕೆ ಹೋಗಿದ್ದ, ಒಂದು ಹೊತ್ತಿನ ಊಟ ಬಿಟ್ಟಿದ್ದ. ನನ್ನ ಮುಂದೆ ನಿಂತು ಅವನು ಕೇಳಿದ್ದು ಇಷ್ಟೇ: “ಮೊದಲೇ ಒಂದು ಮಾತು ಹೇಳಬಾರದಿತ್ತಾ?”

ದುಡ್ಡು ಸೇರಬೇಕಾದಲ್ಲಿಗೆ ಸೇರಿತ್ತು. ಅವನ ಹಸಿವೆಗೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ. ಕೊಟ್ಟವನ ಎಡಗೈಗೆ ತಿಳಿಯದಿದ್ದರೆ ನಷ್ಟವಿಲ್ಲ. ಪಡೆದವನ ಮೈಗೆ ತಿಳಿಯಲೇಬೇಕು. ಅವನ ಲೆಕ್ಕವನ್ನು ಹಾದು ಬಾರದ ನೆರವು ಅವನನ್ನು ತುಂಬಿದರೂ ಬಡವನಾಗಿಯೇ ಉಳಿಸುತ್ತದೆ. ಅವನು ದೀಪ ಆರಿಸಿ ಕೂರುತ್ತಾನೆ, ಒಂದೊಂದನ್ನೂ ಮೊಟಕು ಮಾಡಿಕೊಳ್ಳುತ್ತಾನೆ. ಚಾರ್ಜ್ ಕಮ್ಮಿಯೆಂದು ತಿಳಿದ ಗಾಡಿ ಮಾಡುವುದೂ ಅದನ್ನೇ. ಮರೆಯಲ್ಲಿ ಕೊಡುವುದನ್ನು ನಾನು ವಿನಯವೆಂದುಕೊಂಡಿದ್ದೆ. ಅದರಲ್ಲಿ ಅವನನ್ನು ಬದಿಗೆ ಬಿಟ್ಟು ಹೋಗುವ ಉದಾಸೀನವಿತ್ತು. ಅವನು ಋಣವೆಂದು ಬರೆದುಕೊಳ್ಳುವ ಹಕ್ಕನ್ನೇ ನಾನು ಕಸಿದಿದ್ದೆ. ಋಣವೆಂದರೆ ಹೊರೆ ಎಂದಷ್ಟೇ ತಿಳಿದವನ ತಪ್ಪು ಅದು. ಇಂಥವರಿಂದ ಇಷ್ಟು ಬಂತು ಎಂದು ತಿಳಿದವನಿಗೆ ಆ ರಾತ್ರಿ ಉಂಡು ಮಲಗಲು ಆಗುತ್ತದೆ.

“ಈಗೇನು ಮಾಡೋದು?” ಎಂದು ಮೆಕ್ಯಾನಿಕ್‌ನನ್ನು ಕೇಳಿದೆ. ಮತ್ತೆ ಚಾರ್ಜ್ ಮಾಡಬೇಕೆಂದಾನು ಎಂದುಕೊಂಡಿದ್ದೆ. “ಏನೂ ಮಾಡಬೇಡಿ. ಲಾಕ್ ಮಾಡಿ ಒಂದು ರಾತ್ರಿ ಬಿಟ್ಟುಬಿಡಿ. ಬಾಗಿಲೂ ತೆಗೀಬೇಡಿ” ಎಂದ. ಬಾಗಿಲು ತೆಗೆದರೂ ಸಾಕು, ಒಳಗಿನ ಕಂಪ್ಯೂಟರುಗಳು ಎದ್ದು ಕೂರುತ್ತವೆ. ಎಲ್ಲ ಅಡಗಿ ಕೆಲವು ಗಂಟೆ ಕಳೆದರೆ ಹರಿವು ಹೆಚ್ಚುಕಡಿಮೆ ನಿಲ್ಲುತ್ತದೆ. ಆಗ ಡಬ್ಬಿ ಬಂದದ್ದು ಹೋದದ್ದನ್ನು ಎಣಿಸುವುದನ್ನು ಬಿಟ್ಟು, ಬ್ಯಾಟರಿಯ ತಣ್ಣಗಿನ ವೋಲ್ಟೇಜನ್ನು ಓದುತ್ತದೆ. ಆರು ಸೆಲ್ಲುಗಳ ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ 12.6, 12.7 ವೋಲ್ಟ್ ತೋರಿಸುತ್ತದೆ. ಕಡತ ಹೇಳುವುದೊಂದು, ಕಣಜ ಹೇಳುವುದೊಂದು ಆಗಿದ್ದರೆ ಡಬ್ಬಿ ಕಡತವನ್ನು ತಿದ್ದಿಕೊಳ್ಳುತ್ತದೆ.

ಆ ರಾತ್ರಿ ಎರಡು ಸಲ ಕಿಟಕಿಯಿಂದ ನೋಡಿದೆ. ಹೊಂಗೆ ಹೂ ಕಾರಿನ ಮೇಲೆ ಉದುರುತ್ತಲೇ ಇತ್ತು. ಮರುದಿನ ಔಷಧಿ ತರಲು ಹೊರಟಾಗ ಮೊದಲ ಸಿಗ್ನಲ್‌ನ ಕೆಂಪು ದೀಪಕ್ಕೆ ನಿಂತೆ. ಎಂಜಿನ್ ತಾನಾಗಿ ಸುಮ್ಮನಾಯಿತು.